ಅಣ್ಣಾರ, ಮೀಸಿ ಇರಲೇನ್ರಿ?

ಹುಲಗೂರಿನ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಇನ್ನೂ ಬೆಳಕು ಸರಿಯಾಗಿ ಬಿದ್ದಿಲ್ಲ. ಕ್ಷೌರಿಕ ಉಳವಪ್ಪ ಕತ್ತರಿ ತೆಗೆಯುವ ಮೊದಲು ಕನ್ನಡಿ ತೆಗೆದು, ಎದುರು ಕುಳಿತ ಬೀದಿಪಾಲಾದ ಮನುಷ್ಯನ ಕೈಗೆ ಕೊಡುತ್ತಾರೆ. ಜಡೆಗಟ್ಟಿದ ತಲೆ, ಒಂದರ ಮೇಲೊಂದು ಹರಿದ ಸ್ವೆಟರ್. ಆತ ಕನ್ನಡಿಯ ಹಿಂಬದಿಯನ್ನೇ ನೋಡುತ್ತ ಕೂರುತ್ತಾನೆ. ಉಳವಪ್ಪನವರಿಗೆ ಅವಸರವಿಲ್ಲ. "ಹಿಂದಿನಿಂದ ಕತ್ತರಿ ಹಚ್ಚಿದ್ರ ಅಂಜತಾರ್ರಿ. ನಾ ಏನ್ ಮಾಡಾಕತ್ತೇನಿ ಅನ್ನೂದು ಅವರಿಗೆ ಕಾಣಬೇಕು," ಎನ್ನುತ್ತಾರೆ. ಆಮೇಲೆ ಮುಂದೆ ಕುಳಿತು ಕೇಳುತ್ತಾರೆ: "ಅಣ್ಣಾರ, ಮೀಸಿ ಇರಲೇನ್ರಿ?"

ಹೀಗೆ ಕೇಳುವುದನ್ನು ಅವರು ಕಲಿತದ್ದು ಕೊರೊನಾ ಕಾಲದಲ್ಲಿ. ಶಿಗ್ಗಾವಿಯ ಅವರ ಅಂಗಡಿಗೆ ಆಗ ಬೀಗ. ಹೋಟೆಲುಗಳೂ ಮುಚ್ಚಿದ್ದರಿಂದ, ಅಲ್ಲಿ ಉಳಿದದ್ದನ್ನು ತಿಂದುಕೊಂಡಿದ್ದ ಮಾನಸಿಕ ಅಸ್ವಸ್ಥರು ಬೀದಿಯಲ್ಲಿ ಹಸಿದು ಬಿದ್ದಿದ್ದರು. ಹಾನಗಲ್ಲು, ಸವಣೂರು, ಹಿರೇಕೆರೂರು ಕಡೆ ಸಿಕ್ಕವರನ್ನೆಲ್ಲ ತಂದು ಖಾಲಿ ಹಾಸ್ಟೆಲೊಂದರಲ್ಲಿ ಇರಿಸಲಾಯಿತು. ಊಟ ಬಂತು, ಡಾಕ್ಟರು ಗುಳಿಗೆ ಕೊಟ್ಟರು. ಹೇನು ತುಂಬಿದ ತಲೆ ಮುಟ್ಟಲು ಮಾತ್ರ ಯಾರೂ ಬರಲಿಲ್ಲ. ಉಳವಪ್ಪ ಪೆಟ್ಟಿಗೆ ಹಿಡಿದು ಹೊರಟೇಬಿಟ್ಟರು. "ನಮ್ಮಾಕಿ ವೀರವ್ವ, 'ರೋಗ ತಂದೀರಿ, ಹಿತ್ತಲದಾಗ ಜಳಕ ಮಾಡಿ ಒಳಗ ಬರ್ರಿ' ಅಂತಿದ್ಲು. ಬಿಸಿನೀರೂ ಆಕೀನ ಕಾಸಿ ಇಡ್ತಿದ್ಲು ನೋಡ್ರಿ," ಎಂದು ನಗುತ್ತಾರೆ.

ಅಲ್ಲೊಬ್ಬರು ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಉಳವಪ್ಪ ಅವರ ಗಡ್ಡದ ಜೊತೆ ಮೀಸೆಯನ್ನೂ ನುಣ್ಣಗೆ ಬೋಳಿಸಿ, ತಮ್ಮ ಕೈಚಳಕವನ್ನು ತಾವೇ ಮೆಚ್ಚಿಕೊಂಡರು. ಫೋಟೊ ಮೊಬೈಲಿನಲ್ಲಿ ಊರೂರು ಸುತ್ತಿತು. ಯಾರೂ ಗುರುತು ಹಿಡಿಯಲಿಲ್ಲ.

ಕೆಲವು ವಾರಗಳಲ್ಲಿ ಮೀಸೆ ಮತ್ತೆ ಮೂಡಿತು. ಆ ಮನುಷ್ಯ ದಿನವಿಡೀ ಅದನ್ನೇ ತಿರುವುತ್ತ ಕೂರುವುದನ್ನು ಕಂಡು ಉಳವಪ್ಪನವರಿಗೆ ತಾವು ಮಾಡಿದ ತಪ್ಪು ಹೊಳೆಯಿತು. ಅದನ್ನು ಚೆನ್ನಾಗಿ ಬೆಳೆಯಲು ಬಿಟ್ಟು, ಹುರಿ ಮಾಡಿ, ಇನ್ನೊಂದು ಫೋಟೊ ಕಳಿಸಿದರು. ಬಸ್ಸುಗಳು ಓಡತೊಡಗಿದ್ದೇ ತಡ, ಆ ಫೋಟೊ ನೋಡಿ ರಟ್ಟೀಹಳ್ಳಿ ಕಡೆಯಿಂದ ಹುಚ್ಚವ್ವ ಎಂಬ ಹೆಣ್ಣುಮಗಳು ಬಂದರು. ಆತ ಅವರ ಗಂಡ ಮೃತ್ಯುಂಜಯ. "ಮೊದಲಿನ ಫೋಟೊ ನಾನೂ ನೋಡಿದ್ನೆಪ್ಪ. ಮೀಸಿ ಇಲ್ದ ಇವರನ್ನ ಎಂದೂ ಕಂಡಿಲ್ಲ. ಹೆಣ್ತಿ ಆಗಿ ಗುರ್ತ ಹಿಡೀಲಿಲ್ಲ," ಎಂದು ಗೇಟಿನಲ್ಲೇ ಅತ್ತರು. ಉಳವಪ್ಪನವರಿಗೆ ಇಂದಿಗೂ ಅದು ಚುಚ್ಚುತ್ತದೆ. "ನನ್ನ ಕೈಯಾಗ ಅವರ ಮನೀ ದಾರಿ ತಪ್ಪಿ ಹೋಗತಿತ್ರಿ."

ಕಟ್ಟೆಯ ಮೇಲಿನ ಆಸಾಮಿ ಕೊನೆಗೂ ಮೀಸೆಯ ಮೇಲೆ ಕೈ ಇಡುತ್ತಾನೆ. ಉಳವಪ್ಪ ತಲೆಯಾಡಿಸಿ ಗಡ್ಡಕ್ಕಷ್ಟೇ ಕತ್ತರಿ ಹಚ್ಚುತ್ತಾರೆ.

ಮೃತ್ಯುಂಜಯ ಈಗ ಗುಳಿಗೆ ತಪ್ಪಿಸುವುದಿಲ್ಲ, ಹೊಲಕ್ಕೂ ಹೋಗುತ್ತಾರೆ. ಆಗೊಮ್ಮೆ ಈಗೊಮ್ಮೆ ಶಿಗ್ಗಾವಿಗೆ ಬಂದು ಉಳವಪ್ಪನವರ ಕುರ್ಚಿಯಲ್ಲೇ ಕೂರುತ್ತಾರೆ. "ಬಂದಾಗೆಲ್ಲ ಎಡಗಡಿ ಮೀಸಿ ಸಣ್ಣ ಮಾಡಿದಿ ಅಂತ ಬೈತಾರ್ರಿ," ಎನ್ನುತ್ತ ಉಳವಪ್ಪ ಬ್ಲೇಡು ಒರೆಸಿಕೊಂಡು, ಕಟ್ಟೆಯ ಮೇಲೆ ಕುಳಿತವನ ಕಡೆ ನೋಡುತ್ತಾರೆ. "ಒಂದು ಮಾತೂ ಆಡದಾವ್ರು ನೋಡ್ರಿ ಅವರು. ಇವರೂ ಒಂದಿನ ಬಂದು ಹಂಗ ಬೈದ್ರ ಸಾಕ್ರಿ ನನಗ."