ಪಾಚಿ ಹಿಡಿದಿಟ್ಟ ಕಪ್ಪೆ

ಮಹಾನಂದ ಪಿಎಚ್.ಡಿ.ಗೆ ಸೇರಿದಾಗ ಅವರಿಗೆ ನಲವತ್ತೊಂಬತ್ತು ವರ್ಷ. ಮಲ್ಲೇಶ್ವರದ ಒಂದು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡುತ್ತಿದ್ದರು. ಅಪ್ಪ ಕೆ.ಆರ್. ಮಾರ್ಕೆಟ್ಟಿನಲ್ಲಿ ಸೇವಂತಿಗೆ ಮಾರಿ ಮಗಳನ್ನು ಎಂ.ಎಸ್ಸಿ. ಓದಿಸಿದ್ದರು. ಈ ವಯಸ್ಸಿನಲ್ಲಿ ಯಾಕೆ ಎಂದು ಯಾರಾದರೂ ಕೇಳಿದರೆ, "ನಾನು ಓದ್ತಿರೋ ಕಪ್ಪೆಗೆ ಆರು ಕೋಟಿ ವರ್ಷ. ಅದರ ಮುಂದೆ ನಾನಿನ್ನೂ ಮಗು" ಎನ್ನುತ್ತಿದ್ದರು.

ಆ ಕಪ್ಪೆ ಅವರ ಮಾರ್ಗದರ್ಶಕರಾದ ದೊರೆಸ್ವಾಮಿಯವರ ಕೋಣೆಯಲ್ಲಿತ್ತು. ಅಂಗೈಯಗಲದ ಕಲ್ಲುಹಲಗೆ; ಅದರ ಮೇಲೆ ಕಾಲು ಚಾಚಿ ಮಲಗಿದಂತೆ ಇಡೀ ಅಸ್ಥಿಪಂಜರ. ಬೆರಳ ತುದಿಯ ಮೂಳೆಯೂ ಕದಲಿರಲಿಲ್ಲ. ಒಂದು ಕಾಲಕ್ಕೆ ಕೆರೆಯ ತಳವಾಗಿದ್ದ ಕಲ್ಲದು.

"ದೊಡ್ಡ ಪ್ರವಾಹ ಬಂದಿದೆ. ಒಂದೇ ಏಟಿಗೆ ಕೆಸರು ಮುಚ್ಚಿದೆ. ಇಲ್ಲದಿದ್ರೆ ಇಷ್ಟು ನೀಟಾಗಿ ಉಳಿಯೋದಕ್ಕೆ ಸಾಧ್ಯವೇ ಇಲ್ಲ" ಎಂದರು ದೊರೆಸ್ವಾಮಿ.

ಮಹಾನಂದ ಕಲ್ಲಿನ ಅಂಚನ್ನು ಬೆಳಕಿಗೆ ತಿರುಗಿಸಿದರು. ಅಲ್ಲಿ ಕಾಗದದ ಕಂತೆಯಂತೆ ತೆಳುವಾದ ಪದರಗಳಿದ್ದವು. "ಪ್ರವಾಹ ಆಗಿದ್ರೆ ದಪ್ಪನೆಯ ಒಂದೇ ಪದರ ಇರಬೇಕಿತ್ತು, ಸಾರ್. ಈ ಕೆಸರು ನಿಧಾನಕ್ಕೆ ಕೂತಿದೆ. ಅಷ್ಟು ದಿನ ಕಪ್ಪೇನ ಬೇರೆ ಏನೋ ಹಿಡ್ಕೊಂಡಿತ್ತು."

"ಏನು ಹಿಡ್ಕೊಂಡಿತ್ತು?"

"ಗೊತ್ತಿಲ್ಲ. ಕಂಡುಹಿಡೀತೀನಿ."

ಚಾಮರಾಜಪೇಟೆಯ ತಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ ಎರಡು ಗಾಜಿನ ತೊಟ್ಟಿಗಳನ್ನಿಟ್ಟರು. ಒಂದರಲ್ಲಿ ಬರೀ ಕೆಸರು, ನೀರು. ಇನ್ನೊಂದರ ಕೆಸರಿನ ಮೇಲೆ, ಕೆರೆಯಿಂದ ತಂದ ದಪ್ಪ ಪಾಚಿಯ ಹಾಸು. ಕಪ್ಪೆಗಳನ್ನು ಕೊಲ್ಲಲು ಅವರಿಗೆ ಮನಸ್ಸಿರಲಿಲ್ಲ. ಕಾಲೇಜಿನ ಹಿಂದಿನ ನೀರಿನ ಸಂಪಿನೊಳಗೆ ಬಿದ್ದು ಸತ್ತಿದ್ದ ಎರಡನ್ನು ತಂದು, ಒಂದೊಂದು ತೊಟ್ಟಿಗೆ ಒಂದೊಂದರಂತೆ ಮುಳುಗಿಸಿದರು.

ಬರೀ ಕೆಸರಿನ ಕಪ್ಪೆ ಕೆಲವೇ ದಿನಗಳಲ್ಲಿ ಹೊಟ್ಟೆ ಉಬ್ಬಿ ಮೇಲೆ ತೇಲಿತು. ತೇಲುತ್ತ ಕೊಳೆಯಿತು. ಮೊದಲು ಒಂದು ಕಾಲು, ಆಮೇಲೆ ದವಡೆ, ಹೀಗೆ ಕಳಚಿ ಬಿದ್ದವು. ಪಾಚಿಯ ಮೇಲಿನ ಕಪ್ಪೆ ಮಾತ್ರ ಮೇಲೇಳಲೇ ಇಲ್ಲ. ಹಸಿರು ಎಳೆಗಳು ಅದರ ಬೆರಳುಗಳ ಮೇಲೆ ಹರಿದು, ಬೆನ್ನಿಗೆ ಹಬ್ಬಿ, ಕೊನೆಗೆ ಮೈಯನ್ನೆಲ್ಲ ಹೊದಿಸಿಬಿಟ್ಟವು.

ಫೋಟೋ ನೋಡಿದ ದೊರೆಸ್ವಾಮಿ ಒಪ್ಪಲಿಲ್ಲ. "ನಿಮ್ಮ ತೊಟ್ಟಿಯಲ್ಲಿ ನೀರು ಅಲ್ಲಾಡಲ್ಲ. ಕೆರೆ ಅಂದ್ರೆ ಗಾಳಿ ಇರತ್ತೆ, ಅಲೆ ಇರತ್ತೆ. ಆಗಲೂ ಈ ಪಾಚಿ ಹಿಡ್ಕೊಂಡಿರತ್ತಾ?" ಪ್ರಶ್ನೆ ಸರಿಯಾಗಿಯೇ ಇತ್ತು. ಮಹಾನಂದ ಅದನ್ನು ಬರೆದುಕೊಂಡು ಮನೆಗೆ ಬಂದರು.

ಅದೇ ವಾರ ಕೆಳಗಿನ ಮನೆಯಲ್ಲಿದ್ದ ಮಾಲೀಕರಾದ ಜಾನಕಮ್ಮ ಮೂಗಿಗೆ ಸೆರಗು ಹಿಡಿದು ತಾರಸಿಗೆ ಬಂದರು. "ನೋಡು ಮಹಾನಂದ, ಭಾನುವಾರ ಮನೇಲಿ ಸತ್ಯನಾರಾಯಣ ಪೂಜೆ. ನೆತ್ತಿ ಮೇಲೆ ಕೊಳೆತ ಕಪ್ಪೆ ಇಟ್ಕೊಂಡು ಪ್ರಸಾದ ಹಂಚಕ್ಕಾಗತ್ತಾ?"

"ನಾಳೇನೇ ಸಾಗಿಸ್ತೀನಿ, ಜಾನಕಮ್ಮ. ಆದ್ರೆ ಈ ಪಾಚಿ ತೊಟ್ಟೀನ ಒಂದ್ಸಲ ಮೂಸಿ ನೋಡಿ."

ಜಾನಕಮ್ಮ ಅನುಮಾನದಿಂದಲೇ ಬಗ್ಗಿದರು. "ಕೆರೆ ಮಣ್ಣಿನ ವಾಸನೆ ಅಷ್ಟೇ!"

"ಅಲ್ವಾ? ಪಾಚಿ ಒಳಗೆ ಗಾಳಿ ಹೋಗಲ್ಲ. ಅದಕ್ಕೇ ಕೊಳೆಯೋದು ನಿಧಾನ."

"ಸರಿ ಬಿಡು. ಆದ್ರೂ ಎರಡನ್ನೂ ತಗೊಂಡ್ಹೋಗು."

ಮತ್ತಿಕೆರೆಯ ಗೆಳತಿ ಯಮುನಾ ತನ್ನ ಹಿತ್ತಲಲ್ಲಿ ಜಾಗ ಕೊಟ್ಟಳು. ಬೆಳಗ್ಗೆ ಕೈಲಾಸ್ ಎಂಬ ಪರಿಚಯದ ಆಟೋದವನು ಬಂದ. ಒಂದು ತೊಟ್ಟಿ ಸೀಟಿನ ಮೇಲೆ, ಇನ್ನೊಂದು ಮಹಾನಂದರ ಕಾಲ ಬಳಿ. ರಸ್ತೆ ಅಗೆದಿದ್ದರು. ಆಟೋ ಗುಂಡಿಗೆ ಇಳಿದಾಗಲೆಲ್ಲ ನೀರು ಚೆಲ್ಲಿ ಅವರ ಸೀರೆ ತೊಯ್ದುಹೋಯಿತು.

"ನಿಧಾನಕ್ಕೆ ಹೋಗ್ಲಾ ಮೇಡಂ?" ಎಂದ ಕೈಲಾಸ್.

ಹೂಂ ಅನ್ನಲು ಬಾಯಿ ತೆರೆದ ಮಹಾನಂದ ಕಾಲ ಬಳಿಯ ತೊಟ್ಟಿಯನ್ನು ನೋಡಿ ತಡೆದರು. ನೀರು ಕುಲುಕಾಡುತ್ತಿತ್ತು, ಪಾಚಿಯಡಿಯ ಕಪ್ಪೆ ಕೂದಲೆಳೆಯಷ್ಟೂ ಸರಿದಿರಲಿಲ್ಲ. ದೊರೆಸ್ವಾಮಿಯವರು ಕೇಳಿದ ಅಲೆ ಇದೇ ಅಲ್ಲವೇ! "ಬೇಡ ಕೈಲಾಸ್. ಹೀಗೇ ಹೊಡಿ" ಎಂದು, ಒಂದು ಕೈಯಲ್ಲಿ ತೊಟ್ಟಿ ಹಿಡಿದು ಇನ್ನೊಂದರಲ್ಲಿ ಮೊಬೈಲಿನಿಂದ ವಿಡಿಯೋ ತೆಗೆಯತೊಡಗಿದರು.

ಮತ್ತಿಕೆರೆ ತಲುಪುವಷ್ಟರಲ್ಲಿ ಬರೀ ಕೆಸರಿನ ತೊಟ್ಟಿ ರಾಡಿಯಾಗಿತ್ತು, ಮೂಳೆಗಳು ಮೂಲೆಮೂಲೆಗೆ ಚದುರಿದ್ದವು. ಇನ್ನೊಂದು ಕಪ್ಪೆ ಇಟ್ಟ ಭಂಗಿಯಲ್ಲೇ ಇತ್ತು.

ದೊರೆಸ್ವಾಮಿ ಆ ವಿಡಿಯೋವನ್ನು ಮತ್ತೆ ಮತ್ತೆ ನೋಡಿದರು. ಎದ್ದು, ಕಪ್ಪೆಯ ಕಲ್ಲುಹಲಗೆಯ ಮೂಲೆಯಿಂದ, ಬೆರಳ ತುದಿಯ ಬಳಿ ಸಿಡಿದಿದ್ದ ಚೂರೊಂದನ್ನು ತೆಳ್ಳಗೆ ಉಜ್ಜಿಸಿ ಸೂಕ್ಷ್ಮದರ್ಶಕಕ್ಕೆ ಇಡಿಸಿದರು. ಮೂಳೆಯ ಸುತ್ತ, ಸುಕ್ಕುಸುಕ್ಕಾದ ಒಂದು ಕಪ್ಪು ಎಳೆ ಕಂಡಿತು. ಅದರ ಮೇಲೆ ಸಣ್ಣ ಕೆಸರು ಪದರಪದರವಾಗಿ ಕೂತಿತ್ತು.

"ಪಾಚಿ ಹಾಸು" ಎಂದರು ಅವರು. "ನನ್ನ ಪ್ರವಾಹಾನ ವಾಪಸ್ ತಗೋತೀನಿ."

"ನೀವು ಅಲೆ ಬಗ್ಗೆ ಕೇಳದೇ ಇದ್ದಿದ್ರೆ ನಾನು ಆಟೋದಲ್ಲಿ ಸುಮ್ನೆ ಕಣ್ಮುಚ್ಚಿ ಕೂತಿರ್ತಿದ್ದೆ, ಸಾರ್" ಎಂದರು ಮಹಾನಂದ. ಅದು ನಿಜವೂ ಆಗಿತ್ತು.

ಐವತ್ತೆರಡನೆಯ ವಯಸ್ಸಿಗೆ ಅವರು ಡಾಕ್ಟರ್ ಮಹಾನಂದ ಆದರು. ಯಮುನಾಳ ಹಿತ್ತಲಲ್ಲಿ ಈಗ ತೊಟ್ಟಿಗಳ ಸಾಲೇ ಇದೆ. ಈ ಸಲ ಮೀನುಗಳ ಸರದಿ. ಅವುಗಳ ಮೈಮೇಲಿನ ಹುರುಪೆ ಯಾಕೆ ಮೂಳೆಗಿಂತ ಮೊದಲು ಚದುರುತ್ತದೆ ಎನ್ನುವುದು ಅವರಿಗೆ ಗೊತ್ತಾಗಬೇಕಿದೆ.