ಅಕ್ಕ ಬಿಟ್ಟ ಮೀನು

ಕಾಶಿಗೆ ಹೋದವರು ತಮಗಿಷ್ಟವಾದ ಒಂದು ತಿನಿಸನ್ನು ಅಲ್ಲೇ ಬಿಟ್ಟು ಬರಬೇಕು ಎನ್ನುವುದು ನಮ್ಮವರ ಪದ್ಧತಿ. ಬಿಟ್ಟ ಮೇಲೆ ಸಾಯುವತನಕ ಅದನ್ನು ಮುಟ್ಟುವಂತಿಲ್ಲ. ಜಾಲಹಳ್ಳಿಯ ನಮ್ಮ ಬೀದಿಯ ಹೆಂಗಸರು ಗುಂಪು ಕಟ್ಟಿಕೊಂಡು ಹೋಗಿಬಂದಾಗ ಒಬ್ಬರು ಹಾಗಲಕಾಯಿ ಬಿಟ್ಟಿದ್ದರು, ಇನ್ನೊಬ್ಬರು ಸೀಮೆಬದನೆಕಾಯಿ. ಇಬ್ಬರೂ ಜನ್ಮದಲ್ಲಿ ಅವನ್ನು ಇಷ್ಟಪಟ್ಟು ತಿಂದವರಲ್ಲ. ದೇವರ ಕಣ್ಣಿಗೇ ಮಣ್ಣೆರಚುವ ಜಾಣೆಯರು. ಅವರ ಜೊತೆ ಹೋಗಿದ್ದ ನನ್ನ ಅಕ್ಕ ಮಾತ್ರ ಮೀನು ಬಿಟ್ಟು ಬಂದಳು.

ಮೀನೆಂದರೆ ಅವಳಿಗೆ ಪ್ರಾಣ. ಭಾನುವಾರ ಮೀನಿನ ಸಾರು ಕುದಿಯುವಾಗ ಒಲೆಯ ಮುಂದಿನಿಂದ ಅಲ್ಲಾಡುತ್ತಿರಲಿಲ್ಲ, ತಲೆಯ ತುಂಡನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅಂಥದ್ದನ್ನು ಬಿಟ್ಟದ್ದು ನನಗಾಗಿ. ಆ ವರ್ಷ ನನ್ನ ಗರ್ಭಕೋಶದಲ್ಲಿ ಗಡ್ಡೆ ಕಂಡು ಆಪರೇಷನ್ ಆಗಿತ್ತು. ಡಾಕ್ಟರು ಪೂರ್ತಿ ಧೈರ್ಯ ಹೇಳದೆ "ನೋಡೋಣ" ಎಂದಿದ್ದರು.

"ನಿಂಗೆ ವಾಸಿಯಾದ್ರೆ ಸಾಕು ಕಣೇ, ಮೀನೇನು ಮಹಾ" ಎಂದಳು ಅಕ್ಕ.

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು ಅವಳು. ತನ್ನ ಗಂಡ ಹೋದ ಮೇಲೆ ನನ್ನ ಮನೆಗೇ ಬಂದು ನನ್ನ ಮಗಳನ್ನೂ ಸಾಕಿದಳು. ಇಷ್ಟೆಲ್ಲ ತೆಗೆದುಕೊಂಡು ಅಭ್ಯಾಸವಾಗಿದ್ದ ನಾನು ಇದನ್ನೂ ತೆಗೆದುಕೊಂಡೆ.

ಚೇತರಿಸಿಕೊಂಡು ಪೀಣ್ಯದ ನನ್ನ ಕಾರ್ಖಾನೆಗೆ ಮರಳಿದೆ. ಲೇತ್‌ನಿಂದ ಬಂದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ರಿಜೆಕ್ಟ್ ಮಾಡುವುದು ನನ್ನ ಕೆಲಸ. ವರ್ಷಗಟ್ಟಲೆ ಅದನ್ನೇ ಮಾಡಿ ಮನೆಯಲ್ಲೂ ನನಗೆ ಅದೇ ಬುದ್ಧಿ. ಚಟ್ನಿಗೆ ಉಪ್ಪು ಹೆಚ್ಚಾದರೂ ಸಿಡುಕು, ಮಗಳು ಹತ್ತು ನಿಮಿಷ ತಡವಾಗಿ ಬಂದರೂ ಸಿಡುಕು. ಕೊನೆಗೆ ಮಗಳೇ ರೇಗಿ, "ನಿಂಗೆ ಮೊದ್ಲು ನೆಮ್ಮದಿ ಬೇಕಮ್ಮ" ಎಂದು ನನಗೂ ಅಕ್ಕನಿಗೂ ಗೋಕರ್ಣದ ಕಡಲ ದಂಡೆಯಲ್ಲಿ ನಾಲ್ಕು ದಿನಕ್ಕೆ ಕೋಣೆ ಬುಕ್ ಮಾಡಿದಳು. ಬೆಳಿಗ್ಗೆ ಮರಳಿನ ಮೇಲೆ ಧ್ಯಾನ ಹೇಳಿಕೊಡುತ್ತಾರೆ, ಮಿಕ್ಕ ಹೊತ್ತು ತಿಂದುಂಡು ಬಿದ್ದಿರಿ ಎಂದಳು.

ನಾನು ಎರಡನ್ನೂ ಶ್ರದ್ಧೆಯಿಂದ ಮಾಡಿದೆ. ಬೆಳಿಗ್ಗೆ ಕಣ್ಣು ಮುಚ್ಚಿ ಕೂತು ಉಸಿರು ಗಮನಿಸಿದೆ. ಮಧ್ಯಾಹ್ನ ತೆಂಗಿನ ಗರಿ ಹೊದಿಸಿದ ಹೋಟೆಲಿನಲ್ಲಿ ಕೂತು ಐವತ್ತು ದಾಟಿದ ವಯಸ್ಸಿನಲ್ಲಿ ಮೊದಲ ಸಲ ಬಿಯರು ಕುಡಿದೆ. ಬರೀ ಕಹಿ. ಆದರೂ ಹಟಕ್ಕೆ ಬಿದ್ದು ಮುಗಿಸಿದೆ. ನನ್ನ ಮುಖ ನೋಡಿ ಅಕ್ಕ ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾವು ಗೋಕರ್ಣ ತಲುಪಿದ ದಿನವೇ ಅವಳು ಮಹಾಬಲೇಶ್ವರನ ದರ್ಶನ ಮುಗಿಸಿಕೊಂಡು, ಸೀರೆ ಎತ್ತಿ ಕಟ್ಟಿ ಅಲೆಗೆ ಇಳಿದವಳು, ಕರೆದಷ್ಟೂ "ಇನ್ನೊಂದ್ ಅಲೆ, ಇನ್ನೊಂದ್ ಅಲೆ" ಎನ್ನುತ್ತಿದ್ದಳು. ಅಕ್ಕ ಅಷ್ಟು ನಕ್ಕದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಬಂಗುಡೆ ರವಾ ಫ್ರೈ ತರಿಸಿದೆ. ಅಕ್ಕನ ಮುಂದೆ ಅನ್ನ, ತಿಳಿಸಾರು, ಹಪ್ಪಳ. ಅವಳು ಉಣ್ಣುವುದನ್ನು ನಿಲ್ಲಿಸಿ ನನ್ನ ತಟ್ಟೆಯನ್ನೇ ನೋಡಿದಳು.

"ಇಷ್ಟು ತಾಜಾ ಮೀನು ನಮ್ಮ ಕಡೆ ಎಲ್ಲಿ ಸಿಗತ್ತೆ, ಅಲ್ವಾ?"

"ಹೂಂ."

"ಒಂದೇ ಒಂದು ಚೂರು ತಿಂದ್ರೆ ಏನಾದ್ರೂ ಆಗತ್ತೇನೇ? ನಿಂಗೋಸ್ಕರ ಬಿಟ್ಟಿದ್ದಲ್ವಾ, ನೀನೇ ಹೇಳು. ನೀನು ಹೂಂ ಅಂದ್ರೆ ತಿಂತೀನಿ."

ಮುಂದಿನ ತಿಂಗಳು ನನಗೆ ಮತ್ತೆ ಸ್ಕ್ಯಾನಿಂಗ್ ಇತ್ತು. ಹರಕೆ, ಮುಡಿಪು ಎಂದರೆ ಮೂಗು ಮುರಿಯುತ್ತಿದ್ದವಳು ನಾನು. ಆದರೆ ಆ ಕ್ಷಣ ತಟ್ಟೆಯನ್ನು ನನ್ನತ್ತ ಎಳೆದುಕೊಂಡೆ. ಅವಳು ತಿಂದು, ಗಡ್ಡೆ ಮತ್ತೆ ಬಂದುಬಿಟ್ಟರೆ? ನನಗೆ ಸಾವಿನ ಭಯ. ಬೇರೇನೂ ಅಲ್ಲ.

"ಬೇಡ ಕಣಕ್ಕ. ಕಾಶೀಲಿ ಬಿಟ್ಟಿದ್ದು. ಆಸೆ ಬಿಟ್ರೇನೇ ಶಾಂತಿ" ಎಂದೆ. ಬೆಳಿಗ್ಗೆ ಧ್ಯಾನದವರಿಂದ ಕೇಳಿದ್ದನ್ನೇ ಅವಳಿಗೆ ದಾಟಿಸಿದೆ, ಬೆರಳಿನಲ್ಲಿ ಮುಳ್ಳು ಬಿಡಿಸುತ್ತ.

"ಸರಿ ಬಿಡು" ಎಂದಳು. ಸ್ವಲ್ಪ ಹೊತ್ತಿಗೆ, "ನೋಡ್ಕೊಂಡು ತಿನ್ನು, ಬಂಗುಡೇಲಿ ಸಣ್ಣ ಮುಳ್ಳಿರತ್ತೆ" ಎಂದಳು. ಮುನಿಸಿಕೊಳ್ಳಲಿಲ್ಲ. ಮುನಿಸಿಕೊಂಡಿದ್ದರೆ ನನಗೆ ಇವತ್ತು ಇಷ್ಟು ನೋಯುತ್ತಿರಲಿಲ್ಲವೇನೋ. ಸಂಜೆ ಅಲೆಗೆ ಇಳಿಯೋಣವೆಂದು ಕರೆದರೆ ಕಾಲು ನೋವು ಎಂದು ಕೋಣೆಯಲ್ಲೇ ಉಳಿದಳು.

ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣಲಿಲ್ಲ. ಅಕ್ಕ ಖುಷಿಯಿಂದ ಹಾಲು ಪಾಯಸ ಮಾಡಿದಳು. ನಾನು ಬೇಡ ಎಂದದ್ದು ಒಳ್ಳೆಯದೇ ಆಯಿತು ಎಂದುಕೊಂಡು, ನಾಚಿಕೆಯಿಲ್ಲದೆ ಎರಡು ಲೋಟ ಕುಡಿದೆ.

ಅದಾಗಿ ಎಂಟು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಪೂಜೆಗೆ ಹೂ ಬಿಡಿಸಲು ಹೋದ ಅಕ್ಕ ಕಾಂಪೌಂಡಿನ ಬಳಿಯೇ ಕುಸಿದಳು. ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಆ ಹೊತ್ತಿಗೆ ಪೀಣ್ಯದಲ್ಲಿ ಯಾವುದೋ ಬೋಲ್ಟು ಅಳೆಯುತ್ತಿದ್ದೆ.

ಈ ಸಲದ ಮಹಾಲಯ ಅಮಾವಾಸ್ಯೆಗೆ ಅವಳಿಗೆ ಮೊದಲ ಎಡೆ. ತೀರಿಹೋದವರಿಗೆ ಇಷ್ಟವಾದದ್ದನ್ನೆಲ್ಲ ಅಡುಗೆ ಮಾಡಿ, ಫೋಟೋದ ಮುಂದೆ ಬಾಳೆಎಲೆಯಲ್ಲಿ ಬಡಿಸಿ, ಅವರು ಬಂದು ತಿನ್ನಲೆಂದು ಬಾಗಿಲು ಹಾಕಿಕೊಂಡು ಹೊರಗೆ ಬರುತ್ತೇವೆ. "ದೊಡ್ಡಮ್ಮಂಗೆ ಏನೇನ್ ಮಾಡೋಣಮ್ಮ?" ಎಂದು ಮಗಳು ಕೇಳಿದಾಗ ಬಾಯಿಗೆ ಬಂದದ್ದು ಒಂದೇ. ಪಕ್ಕದ ಮನೆಯವರು ತಡೆದರು. "ಕಾಶೀಲಿ ಬಿಟ್ಟಿದ್ದನ್ನ ಎಡೆಗೂ ಇಡಬಾರ್ದು ಕಣ್ರೀ, ಅವರಿಗೆ ಒಳ್ಳೇದಾಗಲ್ಲ."

ಆದರೂ ಮಾರ್ಕೆಟ್ಟಿಗೆ ನಾನೇ ಹೋಗಿ ಬಂಗುಡೆ ತಂದೆ, ಸೀಳಿ ಮಸಾಲೆ ತುಂಬಿ ರವೆಯಲ್ಲಿ ಹೊರಳಿಸಿ ಕರಿದೆ. ಅನ್ನದ ಪಕ್ಕದಲ್ಲಿ ನಾಲ್ಕು ಮೀನು ಇಟ್ಟೆ. ಎಲ್ಲರೂ ಕೈ ಮುಗಿದು ಹೊರಗೆ ನಡೆದರು. ನಾನೂ ಹೋಗಬೇಕಿತ್ತು, ಹೋಗಲಿಲ್ಲ. ಒಳಗಿನಿಂದ ಬಾಗಿಲು ಹಾಕಿಕೊಂಡು ಎಲೆಯ ಮುಂದೆ ಕೂತೆ.

"ತಿನ್ನಕ್ಕ" ಎಂದೆ. "ನಂಗೇನೂ ಆಗಲ್ಲ, ತಿನ್ನು."