ಬಣ್ಣ ಕೆರೆದ ಮೆಕ್ಯಾನಿಕ್

ನಮ್ಮೂರು ಮಂಕಿಯ ಸೈಕಲ್ ಮೆಕ್ಯಾನಿಕ್‌ನದು ಒಂದೇ ಮಾತು: "ಆತು ಮಾಸ್ತರೆ, ನಾಳೆ." ನಾನು ದಿನಾ ಸರಿಯಾಗಿ ಎಂಟಕ್ಕೆ ಹೋಗುತ್ತಿದ್ದೆ. ಅವನು ಕಿವಿಗೆ ಬೀಡಿ ಸಿಕ್ಕಿಸಿಕೊಂಡು ಬೇರೆ ಯಾರದೋ ಚೈನಿಗೆ ಎಣ್ಣೆ ಬಿಡುತ್ತಿದ್ದ.

ಗುಡ್ಡ ಹತ್ತಲು ಕೊಂಡ ನನ್ನ ಹಳೆಯ ಉಕ್ಕಿನ ಗೇರ್ ಸೈಕಲ್ಲು ಉಪ್ಪುಗಾಳಿಗೆ ಕಂದಿತ್ತು. ಚೊಕ್ಕಟವಾಗಿರಲೆಂದು ಮನೆಯಲ್ಲೇ ಹಸಿರು ಬಣ್ಣ ಬಳಿದು, ಗೇರು, ಬ್ರೇಕು ಜೋಡಿಸಲು ಅವನಿಗೆ ಕೊಟ್ಟಿದ್ದೆ. ಹತ್ತನೆಯ ದಿನ ಹೋದರೆ ಬ್ಲೇಡಿನಿಂದ ಬಣ್ಣವನ್ನೆಲ್ಲ ಕೆರೆಯುತ್ತಿದ್ದ!

"ಎಂತ ಮಾಡ್ತಿದ್ಯೋ ಮಾರಾಯಾ?"

"ಪೇಂಟ್ ಹೊಡಿರಿ ಅಂತ ನಿಮಗ್ಯಾರು ಹೇಳಿದ್ರು? ಇಲ್ಲಿ ಬೆರಳಿಡಿ."

ಹ್ಯಾಂಡಲ್ಲಿನ ಕೆಳಗಿನ ಕೊಳವೆಯಲ್ಲಿ, ನನ್ನ ಬಣ್ಣ ಮುಚ್ಚಿಹಾಕಿದ್ದ ಕೂದಲೆಳೆಯಷ್ಟು ಬಿರುಕಿತ್ತು.

"ಇಳಿಜಾರಲ್ಲಿ ಮುರಿದಿದ್ರೆ ನಿಮ್ಮ ಬಾಯಲ್ಲಿ ಒಂದು ಹಲ್ಲೂ ಉಳೀತಿರ್ಲಿಲ್ಲ."

ಬೆಸುಗೆ ಯಾವಾಗ ಎಂದು ಕೇಳಿದೆ.

"ಆತು ಮಾಸ್ತರೆ, ನಾಳೆ."

ಅವನು ಉಳಿಸಿಕೊಟ್ಟ ಹಲ್ಲುಗಳನ್ನೇ ಕಡಿಯುತ್ತ ಮನೆಗೆ ನಡೆದೆ.